ಡೊಂಬಿವಲಿಯ ಇಬ್ಬರು ಮಕ್ಕಳಿಗೆ ಯಾವ ಕನ್ನಡ ಕಾದಂಬರಿ?

ಪ್ರಶ್ನೆ: ನಾವು ಕುಂದಾಪುರದ ಕಡೆಯವರು, 16 ವರ್ಷದಿಂದ ಡೊಂಬಿವಲಿಯಲ್ಲಿದ್ದೇವೆ. ಮಗಳಿಗೆ 14, ಮಗನಿಗೆ 10. ಇಬ್ಬರೂ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡವೇ ಮಾತಾಡುತ್ತಾರೆ, ಓದುವಾಗ ಮಾತ್ರ ತಡವರಿಸುತ್ತಾರೆ. ಮಗಳು ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳನ್ನು ಎರಡೇ ದಿನದಲ್ಲಿ ಮುಗಿಸುತ್ತಾಳೆ. ಕನ್ನಡ ಪುಸ್ತಕ ಕೊಟ್ಟರೆ "ಇದೆಲ್ಲ ಚಿಕ್ಕ ಮಕ್ಕಳದ್ದು" ಅಂತ ಮುಚ್ಚಿಡುತ್ತಾಳೆ. ಹೊಸದಾಗಿ ಬಂದ ಒಳ್ಳೆಯ ಕಾದಂಬರಿಗಳಿದ್ದರೆ ಹೇಳಿ, ಮೇ ರಜೆಗೆ ಊರಿಗೆ ಹೋದಾಗ ಕೊಳ್ಳುತ್ತೇವೆ.

ಉತ್ತರ:

ನಮಸ್ತೆ ಅಕ್ಕಾ. ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಗಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. 14 ವರ್ಷದ ಹುಡುಗಿಯ ಕೈಗೆ ಕಾಗೆ ನರಿ ಕತೆ ಇಟ್ಟರೆ ಅವಳು ಇನ್ನೇನು ಹೇಳಬೇಕು? ಅವಳಿಗೆ ಬೇಡವಾಗಿರುವುದು ಆ ಕತೆ, ಕನ್ನಡ ಅಲ್ಲ.

ನಮ್ಮ ಮುಂಬಯಿ ಮಕ್ಕಳಿಗೆ ಕನ್ನಡದಲ್ಲಿ ಎರಡು ವಯಸ್ಸು. ಒಂದು ಅಕ್ಷರದ ವಯಸ್ಸು, ಇನ್ನೊಂದು ಕತೆಯ ವಯಸ್ಸು. ನಿಮ್ಮ ಮಗಳ ಅಕ್ಷರಕ್ಕೆ ಈಗ ಏಳೆಂಟು ವರ್ಷ ಅಂತ ಇಟ್ಟುಕೊಳ್ಳಿ, ಒತ್ತಕ್ಷರ ಬಂದರೆ ನಿಂತು ನಿಂತು ಓದುತ್ತಾಳೆ. ಆದರೆ ಕತೆಗೆ ಅವಳಿಗೆ 14 ತುಂಬಿದೆ, ಬಹುಶಃ 16. ಇಂಗ್ಲಿಷಿನಲ್ಲಿ ಅವಳು ಯುದ್ಧ, ಸಾವು, ಪ್ರೀತಿ, ಮೋಸ ಎಲ್ಲ ಓದಿ ಬಂದಿದ್ದಾಳೆ. ನಾವು ಅಂಗಡಿಯಲ್ಲಿ ಪುಸ್ತಕ ಆರಿಸುವಾಗ ಅಕ್ಷರದ ವಯಸ್ಸು ನೋಡಿ ಆರಿಸುತ್ತೇವೆ, ದಪ್ಪಕ್ಷರ, ಬಣ್ಣದ ಚಿತ್ರ, ಕೊನೆಗೊಂದು ನೀತಿ. ಎಡವುವುದು ಅಲ್ಲೇ. ಪುಸ್ತಕವನ್ನು ಯಾವತ್ತೂ ಕತೆಯ ವಯಸ್ಸು ನೋಡಿ ಆರಿಸಿ. ಅಕ್ಷರ ಎಲ್ಲಿ ಕಷ್ಟವಾಗುತ್ತದೋ ಅಲ್ಲಿ ನೀವು ಕೈ ಹಿಡಿಯಿರಿ.

ಇದನ್ನು ನಾನು ಕಲಿತದ್ದು ಒಬ್ಬ ಹುಡುಗನಿಂದ. ಮುಲುಂಡಿನಲ್ಲಿ ಭಾನುವಾರ ಬೆಳಿಗ್ಗೆ ಕನ್ನಡ ಮಕ್ಕಳಿಗೆ ಪುಸ್ತಕ ಕೊಡುವ ಕೆಲಸ ಶುರು ಮಾಡಿದ ಮೊದಲ ವರ್ಷ ಅದು. 13 ವರ್ಷದವನೊಬ್ಬ ಬಂದ. ಓದಿಸಿ ನೋಡಿದೆ, ನಿಧಾನ. ಸರಿ ಅಂತ ಎರಡನೇ ಕ್ಲಾಸಿನ ಮಕ್ಕಳ ಪುಸ್ತಕವೊಂದನ್ನು ಕೊಟ್ಟೆ. ಅವನು ಅದನ್ನು ತೆಗೆದುಕೊಂಡ, ಪಕ್ಕದಲ್ಲಿ ಕೂತಿದ್ದ ಏಳು ವರ್ಷದ ಹುಡುಗಿಯ ಕೈಯಲ್ಲೂ ಅದೇ ಪುಸ್ತಕ ಇರುವುದನ್ನು ನೋಡಿದ, ನನ್ನ ಮುಖ ನೋಡಿದ. ಮುಂದಿನ ಭಾನುವಾರ ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಅವನಿಗೆ ಅವತ್ತು ಒಂದು ಹುಲಿ ಬೇಟೆಯ ಕತೆ ಕೊಟ್ಟು ಮೊದಲ ನಾಲ್ಕು ಪುಟ ನಾನೇ ಜೋರಾಗಿ ಓದಿಬಿಡಬೇಕಿತ್ತು ಅಂತ ಇವತ್ತಿಗೂ ಅನಿಸುತ್ತದೆ.

ಮೊದಲು ಮಗನ ವಿಷಯ ಮುಗಿಸೋಣ, ಅವನದು ಸುಲಭ. 10 ವರ್ಷದವರಿಗೆ ಕನ್ನಡದಲ್ಲಿ ಈಗ ಒಳ್ಳೆಯ ಕಾಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಮಕ್ಕಳ ಪುಸ್ತಕಕ್ಕೆ ಅಂತಲೇ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡದಲ್ಲಿ ಅದು 2021, 2022, 2023, ಮೂರು ವರ್ಷ ಸಾಲಾಗಿ ಕಾದಂಬರಿಗೆ ಬಂತು. ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್'. ಮಕ್ಕಳ ಪದ್ಯ, ಮಕ್ಕಳ ನಾಟಕ ನಮ್ಮಲ್ಲಿ ಹಿಂದಿನಿಂದಲೂ ಬೇಕಾದಷ್ಟಿವೆ. ಒಂದು ವಾರ ದಿಂಬಿನ ಪಕ್ಕ ಇಟ್ಟುಕೊಂಡು ಓದುವಂಥ ಮಕ್ಕಳ ಕಾದಂಬರಿ ಕಡಿಮೆ ಇತ್ತು, ಈಗ ಅದು ತುಂಬುತ್ತಿದೆ. ನನಗೆ ಇದು ಬಹಳ ದೊಡ್ಡ ಸಂತೋಷ.

ನಿಮ್ಮ ಮನೆಗೆ ಮೊದಲು ಬರಬೇಕಾದ್ದು 'ಸೂರಕ್ಕಿ ಗೇಟ್'. ಕಾರಣ ಸರಳ, ಲೇಖಕಿಯ ಹೆಸರಿನಲ್ಲಿರುವ ಹಾಲಾಡಿ ನಿಮ್ಮದೇ ಕುಂದಾಪುರದ ಕಡೆಯ ಊರು, ನಿಮ್ಮ ಮಗ ರಜೆಯಲ್ಲಿ ಕಾಣುವ ಅದೇ ಮಣ್ಣು, ಅದೇ ಮರ. ಸೂರಕ್ಕಿ ಅಂದರೆ ಹೂವಿನ ಮಕರಂದ ಹೀರುವ ಆ ಪುಟ್ಟ ಹಕ್ಕಿ, ಕೊಕ್ಕು ಬಾಗಿರುತ್ತದೆ, ಒಂದು ಕ್ಷಣ ಸುಮ್ನೆ ಕೂರುವುದಿಲ್ಲ. ಇಲ್ಲಿ ಮರಾಠಿಯವರು ಶಿಂಜೀರ್ ಅನ್ನುತ್ತಾರೆ. ನಿಮ್ಮ ಸೊಸೈಟಿಯ ಕಾಂಪೌಂಡಿನಲ್ಲಿ ದಾಸವಾಳದ ಗಿಡ ಇದ್ದರೆ ಬೆಳಿಗ್ಗೆ ಏಳೂವರೆ ಎಂಟಕ್ಕೆ ಒಮ್ಮೆ ಮಗನನ್ನು ಕರೆದುಕೊಂಡು ಹೋಗಿ ನಿಲ್ಲಿ. ಒಂದಾದರೂ ಬಂದೀತು. ಪುಸ್ತಕ ಕೊಡುವ ಮೊದಲು ಹಕ್ಕಿ ತೋರಿಸಿ, ಆಮೇಲೆ ಮುಖಪುಟದ ಹೆಸರು ಓದಿಸಿ. ಅವನೇ ಒಳಗೆ ಹೋಗುತ್ತಾನೆ.

'ಬಾವಲಿ ಗುಹೆ' ಎರಡನೆಯದು. ಬೀಗಾರರು ಉತ್ತರ ಕನ್ನಡದ ಕಡೆಯವರು, ಶಾಲಾ ಮಾಸ್ತರರಾಗಿ ಮಕ್ಕಳ ನಡುವೆಯೇ ಇದ್ದವರು, ಮಲೆನಾಡಿನ ಮಕ್ಕಳ ಲೋಕ ಅವರಿಗೆ ಒಳಗಿನಿಂದ ಗೊತ್ತು. ಗುಹೆ ಅಂದರೆ 10 ವರ್ಷದ ಹುಡುಗರಿಗೆ ಕಣ್ಣು ಅರಳುತ್ತದೆ, ಅದಕ್ಕೆ ಬೇರೆ ಜಾಹೀರಾತು ಬೇಡ. ಓದಿ ಮುಗಿದ ಮೇಲೆ ಒಂದು ಭಾನುವಾರ ಬೋರಿವಲಿಯ ನ್ಯಾಷನಲ್ ಪಾರ್ಕಿನ ಕಾನ್ಹೇರಿಗೆ ಹೋಗಿಬನ್ನಿ. ಅಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ, ಕರಿಕಲ್ಲಿನಲ್ಲಿ ಬೌದ್ಧ ಭಿಕ್ಷುಗಳಿಗಾಗಿ ಕೊರೆದದ್ದು. ಒಳಗಿನ ಕತ್ತಲಲ್ಲಿ ಬಾವಲಿಗಳೂ ಇವೆ. ಡೊಂಬಿವಲಿಯಿಂದ ದಾದರಿಗೆ ಬಂದು ವೆಸ್ಟರ್ನ್ ಲೈನ್ ಹಿಡಿಯಬೇಕು, ಸುಸ್ತಾಗುತ್ತದೆ, ಆದರೂ ಹೋಗಿ.

'ಓಡಿ ಹೋದ ಹುಡುಗ' ಓದಲು ಅವನಿಗೆ ಇನ್ನೊಂದು ವರ್ಷ ಬೇಕಾಗಬಹುದು, ನೀವು ಮೊದಲು ಓದಿ ನೋಡಿ. ಇಷ್ಟು ಉದ್ದ ಬೇಡ ಅಂದರೆ 2024ರಲ್ಲಿ ಅದೇ ಪುರಸ್ಕಾರ ಪಡೆದ ಕೃಷ್ಣಮೂರ್ತಿ ಬಿಳಿಗೆರೆಯವರ 'ಛೂಮಂತ್ರಯ್ಯನ ಕಥೆಗಳು' ಇದೆ. ಬಿಡಿ ಕತೆಗಳು, ದಿನಕ್ಕೊಂದು ಓದಬಹುದು.

ಮಗನಿಗೆ ಇನ್ನೊಂದು ಪುಸ್ತಕ ಹೇಳಲೇಬೇಕು, ಅದು ಹೊಸದೂ ಅಲ್ಲ, ಸರಿಯಾದ ಅರ್ಥದಲ್ಲಿ ಕಾದಂಬರಿಯೂ ಅಲ್ಲ. ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಬಗ್ಗೆ 1981ರಲ್ಲಿ ಬರೆದ 'ತೊತ್ತೋ ಚಾನ್'. ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲಿ ತಂದಿದೆ. ಒಂದು ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಪುಟ್ಟ ಹುಡುಗಿ ಇನ್ನೊಂದು ಶಾಲೆಗೆ ಬರುತ್ತಾಳೆ, ಅಲ್ಲಿ ಕ್ಲಾಸ್‌ರೂಮುಗಳೇ ಹಳೆಯ ರೈಲು ಡಬ್ಬಿಗಳು! ಲೋಕಲ್ ಟ್ರೇನಿನಲ್ಲಿ ಬೆಳೆದ ಮಕ್ಕಳಿಗೆ ಇದನ್ನು ಓದಿ ಹೇಳಿದಾಗ ಅವರ ಮುಖ ನೋಡಬೇಕು. ಮೊದಲ ದಿನ ಹೆಡ್‌ಮಾಸ್ತರರು ಆ ಹುಡುಗಿಯ ಮಾತನ್ನು ನಾಲ್ಕು ಗಂಟೆ ಕೂತು ಕೇಳುತ್ತಾರೆ. ಮಧ್ಯಾಹ್ನದ ಬುತ್ತಿಯಲ್ಲಿ ಸಮುದ್ರದ್ದೊಂದು, ಬೆಟ್ಟದ್ದೊಂದು ಇರಬೇಕು ಅಂತ ಅವರ ನಿಯಮ. ಮೀನೂ ತರಕಾರಿಯೂ ಒಟ್ಟಿಗೆ ತಿಂದು ಬೆಳೆದ ಕರಾವಳಿಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಕೊನೆಯಲ್ಲಿ, 1945ರಲ್ಲಿ, ಟೋಕಿಯೋ ಮೇಲೆ ಬಿದ್ದ ಬಾಂಬಿಗೆ ಶಾಲೆ ಸುಟ್ಟುಹೋಗುತ್ತದೆ. ಆ ಪುಟ ನೀವು ಜೊತೆಗಿದ್ದು ಓದಿ, ಒಬ್ಬನೇ ಓದುವುದು ಬೇಡ.

ಈಗ ಮಗಳು. ಇಲ್ಲಿ ನಿಮಗೆ ನಿಜ ಹೇಳಬೇಕು. 13ರಿಂದ 17ರವರಿಗೆ ಅಂತ ಇಂಗ್ಲಿಷಿನಲ್ಲಿ ಅಂಗಡಿ ತುಂಬ ಕಾದಂಬರಿಗಳಿವೆ. ಕನ್ನಡದಲ್ಲಿ ಆ ಕಪಾಟು ಇನ್ನೂ ಬಹಳ ಚಿಕ್ಕದು. ಅದಕ್ಕೇ ನಮ್ಮ ಕಾಲದ ಮಕ್ಕಳು ಚಂದಮಾಮದಿಂದ ಒಂದೇ ಜಿಗಿತಕ್ಕೆ ದೊಡ್ಡವರ ಕಾದಂಬರಿಗೆ ಹಾರುತ್ತಿದ್ದೆವು, ಬಹಳ ಮಂದಿ ಹಾರಿ ಬಿದ್ದದ್ದು ಪೂರ್ಣಚಂದ್ರ ತೇಜಸ್ವಿಯವರ ತೋಟಕ್ಕೆ. ಆ ದಾರಿ ಇವತ್ತಿಗೂ ಸರಿಯಾದ ದಾರಿ. ನೀವು ಹೊಸದು ಕೇಳಿದ್ದೀರಿ, ನಾನು ಅವರ 1980ರ 'ಕರ್ವಾಲೊ' ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಓದದವರಿಗೆ ಅದು ಹೊಸದೇ ಅಲ್ವಾ.

ಕರ್ವಾಲೊ ಯಾಕೆ? ತೆಳ್ಳಗಿನ ಪುಸ್ತಕ, ಮಾತಾಡಿದ ಹಾಗೆ ಇರುವ ಕನ್ನಡ. ಮೂಡಿಗೆರೆಯಲ್ಲಿ ಜೇನಿನ ವಿಚಾರದಿಂದ ಶುರುವಾಗಿ, ಕರ್ವಾಲೊ ಅನ್ನುವ ವಿಜ್ಞಾನಿ, ಒಬ್ಬ ಕೃಷಿಕ, ಮಂದಣ್ಣ ಅನ್ನುವ ಹಳ್ಳಿ ಹುಡುಗ, ಕಿವಿ ಅನ್ನುವ ನಾಯಿ, ಎಲ್ಲರೂ ಸೇರಿ ಹಾರುವ ಓತಿಯೊಂದನ್ನು ಹುಡುಕಿ ಕಾಡಿಗೆ ಹೊರಡುತ್ತಾರೆ. ನಗು ಬರುತ್ತದೆ, ಕೊನೆಕೊನೆಗೆ ಮೈ ಜುಮ್ಮೆನ್ನುತ್ತದೆ. ಮಧ್ಯೆ ಕಳ್ಳಭಟ್ಟಿ, ಪೊಲೀಸು ಎಲ್ಲ ಬರುತ್ತದೆ, 14ಕ್ಕೆ ಅದೇನೂ ಜಾಸ್ತಿ ಅಲ್ಲ. ಇನ್ನೊಂದು ವಿಷಯ, ಮಂದಣ್ಣನನ್ನು ಊರಿನವರು ಒಂದು ರೀತಿ ನೋಡುತ್ತಾರೆ, ಕರ್ವಾಲೊ ಇನ್ನೊಂದು ರೀತಿ ನೋಡುತ್ತಾರೆ. ಶಾಲೆಯ ಮಾರ್ಕಿನಲ್ಲೇ ಅಳೆಸಿಕೊಳ್ಳುವ ಮಕ್ಕಳಿಗೆ ಇದು ಎಲ್ಲೋ ತಾಗುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ. ಇದಾದ ಮೇಲೆ ಅವಳಿಗೆ ಓಟ ಬೇಕು ಅನಿಸಿದರೆ ತೇಜಸ್ವಿಯವರದೇ 'ಜುಗಾರಿ ಕ್ರಾಸ್' ಕೊಡಿ. ಒಂದೇ ದಿನದೊಳಗೆ ನಡೆದು ಮುಗಿಯುವ ಥ್ರಿಲ್ಲರ್, ಇಂಗ್ಲಿಷ್ ಓದುವ ಮಕ್ಕಳು ಬೇಗ ಹಿಡಿದುಕೊಳ್ಳುತ್ತಾರೆ.

ಎರಡನೆಯದು ನೇಮಿಚಂದ್ರ ಅವರ 'ಯಾದ್ ವಶೇಮ್', 2007ರದ್ದು. ನಿಮ್ಮ ಮಗಳು ಎರಡನೇ ಮಹಾಯುದ್ಧದ ಬಗ್ಗೆ, ಯಹೂದಿಗಳ ಬಗ್ಗೆ ಇಂಗ್ಲಿಷಿನಲ್ಲಿ ಓದಿರಬಹುದು, ಈ ವಯಸ್ಸಿನವರು ಸಾಮಾನ್ಯವಾಗಿ ಓದಿರುತ್ತಾರೆ. ಹಿಟ್ಲರನ ಕಾಲದಲ್ಲಿ ತಂದೆಯ ಜೊತೆ ಬೆಂಗಳೂರಿಗೆ ಬಂದು ಉಳಿದ ಹ್ಯಾನಾ ಅನ್ನುವ ಯಹೂದಿ ಹುಡುಗಿ, ಮುಂದೆ ಎಷ್ಟೋ ವರ್ಷ ಕಳೆದ ಮೇಲೆ ಹಿಂದೆ ಉಳಿದುಹೋದ ತನ್ನವರನ್ನು ಹುಡುಕುವ ಕತೆ ಇದು. ಆ ಕಾಲದಲ್ಲಿ ಕೊಲೆಯಾದ ಯಹೂದಿಗಳ ನೆನಪಿಗೆ ಜೆರುಸಲೇಮಿನಲ್ಲಿರುವ ಸ್ಮಾರಕದ ಹೆಸರೇ ಪುಸ್ತಕದ ಹೆಸರು. ಬರೆದವರು ಬೆಂಗಳೂರಿನಲ್ಲಿ ವಿಮಾನ ತಯಾರಿಸುವ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು, ಇದನ್ನು ಮಗಳಿಗೆ ಹೇಳಿ, ಹುಡುಗಿಯರಿಗೆ ಇಂಥದ್ದು ಗೊತ್ತಿರಬೇಕು. ಕನ್ನಡ ಪುಸ್ತಕ ಅಂದರೆ ಬರೀ ಹಳ್ಳಿ, ಅಜ್ಜಿ, ಬಡ ಮಾಸ್ತರು ಅಂದುಕೊಂಡವರ ಎಣಿಕೆಯನ್ನು ಇದು ಒಂದೇ ಏಟಿಗೆ ಅಲುಗಾಡಿಸುತ್ತದೆ. ಪುಸ್ತಕ ಸ್ವಲ್ಪ ದಪ್ಪ ಇದೆ. ಇದನ್ನೇ ಮೊದಲು ಕೊಡಬೇಡಿ, ಕರ್ವಾಲೊ ಓದಿ ಕಣ್ಣು ಪಳಗಿದ ಮೇಲೆ.

ಮೂರನೆಯದು ನನ್ನ ಮನಸ್ಸಿಗೆ ಹತ್ತಿರದ್ದು. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳು. ಕಾದಂಬರಿ ಅಲ್ಲ, ಸಣ್ಣಕತೆ, ಆದರೂ ಹೇಳುತ್ತೇನೆ. ಗೋಕರ್ಣದಿಂದ ಈ ಊರಿಗೆ ಬಂದು ಇಲ್ಲೇ ವರ್ಷಗಟ್ಟಲೆ ದುಡಿದವರು ಅವರು. ನಮ್ಮ ಮಕ್ಕಳು ದಿನಾ ನೋಡುವ ಚಾಳು, ಪ್ಲಾಟ್‌ಫಾರ್ಮು, ಗುರುತಿಲ್ಲದ ಜನ ಒಬ್ಬರಿಗೊಬ್ಬರು ಆಗಿಬರುವುದು, ಅದೆಲ್ಲ ಕನ್ನಡದಲ್ಲಿ ಅಲ್ಲಿದೆ. ತೇಜಸ್ವಿನಿ ನಿರಂಜನ ಈ ಕತೆಗಳಲ್ಲಿ ಕೆಲವನ್ನು 'ನೋ ಪ್ರೆಸೆಂಟ್ಸ್ ಪ್ಲೀಸ್' ಅಂತ ಇಂಗ್ಲಿಷಿಗೆ ತಂದರು, ಆ ಪುಸ್ತಕಕ್ಕೆ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿ (2018ರದ್ದು) ಬಂತು. ನಿಮ್ಮ ಮಗಳಂಥವರಿಗೆ ನಾನು ಮಾಡುವುದು ಇಷ್ಟು: ಒಂದು ಕತೆಯನ್ನು ಇಂಗ್ಲಿಷಿನಲ್ಲಿ ಕೊಡುತ್ತೇನೆ. ಇಷ್ಟವಾಯಿತು ಅಂದರೆ ಮರುವಾರ ಅದೇ ಕತೆಯನ್ನು ಕನ್ನಡದಲ್ಲಿ. ಕತೆ ಗೊತ್ತಿರುವುದರಿಂದ ಕಣ್ಣಿಗೆ ಭಯ ಇರುವುದಿಲ್ಲ, ಮನಸ್ಸೆಲ್ಲ ಮಾತಿನ ಮೇಲೆ ಹೋಗುತ್ತದೆ. "ಇಂಗ್ಲಿಷಿನಲ್ಲಿ ಇದು ಬೇರೆ ಥರ ಇತ್ತು" ಅಂತ ಒಬ್ಬಳು ಬಂದು ಜಗಳ ಆಡಿದ ದಿನ ನನಗೆ ಹಬ್ಬ. ಕೆಲವು ಕತೆಗಳು ಬೆಳೆದವರ ನೋವಿನವು, ನೀವು ಮೊದಲು ಓದಿ ಆರಿಸಿ.

ವಸುಧೇಂದ್ರರ 'ತೇಜೋ ತುಂಗಭದ್ರಾ' (2019) ಬಗ್ಗೆ ಬಹಳ ಜನ ಕೇಳುತ್ತಾರೆ. ಲಿಸ್ಬನ್, ಗೋವಾ, ವಿಜಯನಗರ ಎಲ್ಲ ಸೇರಿದ ದೊಡ್ಡ ಐತಿಹಾಸಿಕ ಕಾದಂಬರಿ, ನನಗೆ ಇಷ್ಟವಾದದ್ದು. ಆದರೆ ಅದರಲ್ಲಿ ಕ್ರೌರ್ಯ ಇದೆ, 14ಕ್ಕೆ ಬೇಡ. 16, 17ಕ್ಕೆ ಕೊಡಿ, ಓದಿ ಮುಗಿಸಿದ ಮೇಲೆ ಹಳೆ ಗೋವಾ ಸುತ್ತಿಸಿ.

ಇನ್ನು ಅಕ್ಷರ. ಜಾಸ್ತಿ ಹೆದರಬೇಡಿ, ಮುಂಬಯಿ ಮಕ್ಕಳಿಗೆ ಅರ್ಧ ಕೆಲಸ ಶಾಲೆಯೇ ಮಾಡಿಕೊಟ್ಟಿದೆ. ಮರಾಠಿ, ಹಿಂದಿ ಕಲಿತವರಿಗೆ ಕ ಖ ಗ ಘ ಸಾಲು ಬಾಯಲ್ಲೇ ಇದೆ, ಕಾಗುಣಿತದ ಲೆಕ್ಕ ಗೊತ್ತು, 'ಳ' ಕೂಡ ಮರಾಠಿಯಿಂದ ಬಂದುಬಿಟ್ಟಿದೆ. ಆಕಾರ ಮಾತ್ರ ಬೇರೆ. ಅವರು ಎಡವುವುದು ಮೂರು ಕಡೆ. ಮೊದಲನೆಯದು ಎ-ಏ, ಒ-ಓ. ದೇವನಾಗರಿಯಲ್ಲಿ ಈ ಗಿಡ್ಡ-ಉದ್ದದ ವ್ಯತ್ಯಾಸ ಇಲ್ಲ, ಅದಕ್ಕೆ 'ಬೆರೆ'ಯನ್ನು 'ಬೇರೆ' ಅಂತಲೂ 'ಕೊಡು'ವನ್ನು 'ಕೋಡು' ಅಂತಲೂ ಓದುತ್ತಾರೆ. ಎರಡನೆಯದು ಒತ್ತಕ್ಷರ. ಮರಾಠಿಯಲ್ಲಿ ಮೊದಲ ಅಕ್ಷರ ಅರ್ಧವಾಗಿ ಪಕ್ಕದಲ್ಲಿ ನಿಲ್ಲುತ್ತದೆ, ನಮ್ಮಲ್ಲಿ ಎರಡನೆಯದು ಮೊದಲಿನದರ ಕಾಲಡಿಗೆ ಇಳಿಯುತ್ತದೆ. ಅರ್ಕಾವೊತ್ತಿನಲ್ಲಂತೂ ಕಿವಿಗೆ ಮೊದಲು ಬರುವ ರಕಾರ ಕಣ್ಣಿಗೆ ಆಮೇಲೆ ಬರುತ್ತದೆ, 'ಸೂರ್ಯ' ಅಂತ ಬರೆದು ತೋರಿಸಿ, ಒಂದು ದಿನದಲ್ಲಿ ಹಿಡಿದುಕೊಳ್ಳುತ್ತಾರೆ.

ಮೂರನೆಯದು ಅಕ್ಷರದ ತೊಂದರೆಯೇ ಅಲ್ಲ, ಆದರೆ ನಿಮ್ಮಂಥ ಮನೆಗಳಲ್ಲಿ ಅದೇ ದೊಡ್ಡದು. ಮನೆಯಲ್ಲಿ "ನಾನ್ ಬತ್ತೆ" ಅನ್ನುವ ಮಗು ಪುಸ್ತಕದಲ್ಲಿ "ನಾನು ಬರುತ್ತೇನೆ" ನೋಡಿ ಇದು ಯಾರದೋ ಭಾಷೆ ಅಂದುಕೊಳ್ಳುತ್ತದೆ. ತುಳು, ಕೊಂಕಣಿ ಮನೆಗಳಲ್ಲಿ ಇದು ಇನ್ನೂ ಜಾಸ್ತಿ. ದಯವಿಟ್ಟು ಮನೆಮಾತನ್ನು ತಿದ್ದಲು ಹೋಗಬೇಡಿ, ಕುಂದಗನ್ನಡ ಅವರ ಆಸ್ತಿ. ಜೋರಾಗಿ ಓದಿ ಹೇಳುವಾಗ ಪುಸ್ತಕದ ಮಾತನ್ನು ಪುಸ್ತಕದ ಹಾಗೆಯೇ ಓದಿ, ನಡುವೆ ನಿಲ್ಲಿಸಿ ನಿಮ್ಮ ಮಾತಿನಲ್ಲಿ ಹರಟಿ. ಕಿವಿ ಎರಡನ್ನೂ ಇಟ್ಟುಕೊಳ್ಳುತ್ತದೆ.

ಓದಿಸುವ ಕ್ರಮ ಹೀಗಿರಲಿ. ರಾತ್ರಿ ಊಟ ಆದ ಮೇಲೆ 15 ನಿಮಿಷ. ಮೊದಲ ವಾರ ಪೂರ್ತಿ ನೀವೇ ಓದಿ, ಮಗಳಿಗೂ, 14 ಆಯಿತು ಅಂತ ನಾಚಬೇಡಿ. ಎರಡನೇ ವಾರ ಒಂದು ಪುಟ ನೀವು, ಒಂದು ಪ್ಯಾರಾ ಅವಳು. ಕತೆ ಬಿಗಿಯಾದ ಜಾಗಕ್ಕೆ ಬಂದಾಗ ಪುಸ್ತಕ ಮೇಜಿನ ಮೇಲೆ ಬಿಟ್ಟು ಪಾತ್ರೆ ತೊಳೆಯಲು ಎದ್ದುಹೋಗಿ. ಓದುವಾಗ ತಪ್ಪಿದರೆ ಪ್ರತಿ ಸಲ ತಿದ್ದಬೇಡಿ, ಅರ್ಥ ಕೆಟ್ಟಾಗ ಮಾತ್ರ. ಮುಗಿದ ಮೇಲೆ "ನೀತಿ ಏನು" ಅಂತ ಕೇಳಲೇಬೇಡಿ. "ಆ ನಾಯಿ ಇಲ್ಲದಿದ್ದರೆ ಏನಾಗುತ್ತಿತ್ತು" ಅಂತ ಕೇಳಿ.

ಊರಿನಲ್ಲಿ ಅಜ್ಜಿ ಇದ್ದಾರಾ? ಇದ್ದರೆ 'ಸೂರಕ್ಕಿ ಗೇಟ್' ಎರಡು ಪ್ರತಿ ತೆಗೆದುಕೊಂಡು ಒಂದನ್ನು ಅಲ್ಲೇ ಬಿಟ್ಟುಬನ್ನಿ. ವಿಡಿಯೋ ಕಾಲಿನಲ್ಲಿ ಅಜ್ಜಿ ಒಂದು ಪುಟ, ಮೊಮ್ಮಗ ಒಂದು ಪುಟ. "ಊಟ ಆಯ್ತಾ" ಆದ ಮೇಲೆ ಏನು ಮಾತಾಡುವುದು ಅನ್ನುವ ತೊಂದರೆಯೂ ತಪ್ಪುತ್ತದೆ.

ಮಗನಿಗೆ ಅಕ್ಷರದ ಅಭ್ಯಾಸಕ್ಕೆ ಅಂತ ಬೇರೆಯಾಗಿ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ನೋಡಿ, ಉಚಿತ. ಓದುವ ಮಟ್ಟದ ಪ್ರಕಾರ ಕನ್ನಡ ಕತೆಗಳಿವೆ, ಎಷ್ಟೋ ಕತೆಗಳು ಮರಾಠಿ, ಇಂಗ್ಲಿಷಿನಲ್ಲೂ ಇವೆ. ಅದು ಅಕ್ಷರದ ವಯಸ್ಸಿಗೆ ಮಾತ್ರ, ಕಾದಂಬರಿಯ ಬದಲಿಗೆ ಅಲ್ಲ. ಮಗಳು ಕ್ಲಾಸಿಗೆ ಲೋಕಲ್‌ನಲ್ಲಿ ಹೋಗುವವಳಾದರೆ ಮೈಲ್ಯಾಂಗ್ ಆ್ಯಪಿನಲ್ಲಿ ಕನ್ನಡ ಆಡಿಯೋ ಪುಸ್ತಕಗಳಿವೆ, ಒಂದು ಕೇಳಿಸಿ ನೋಡಿ. ಕೇಳಿದ್ದೂ ಓದಿದ್ದೇ.

ಕೊಳ್ಳುವುದು ಎಲ್ಲಿ ಅಂದರೆ, ಊರಿಗೆ ಹೋದಾಗ ಮಂಗಳೂರಿನ ನವಕರ್ನಾಟಕ ಪುಸ್ತಕದಂಗಡಿಗೆ ಒಮ್ಮೆ ಹೋಗಿ. ಹೋಗುವ ಮೊದಲು ಫೋನ್ ಮಾಡಿ ಹೆಸರು ಹೇಳಿ ತರಿಸಿಡಲು ಹೇಳಿ, ಮಕ್ಕಳ ಕಾದಂಬರಿಗಳನ್ನು ಕಡಿಮೆ ಪ್ರತಿ ಅಚ್ಚು ಹಾಕಿಸುತ್ತಾರೆ, ಮುಗಿದರೆ ಮತ್ತೆ ಬರಲು ತಡ. ಆನ್‌ಲೈನಿನಲ್ಲೂ ಸಿಗುತ್ತವೆ. ಇಲ್ಲಿ ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೆ ಹೋದಾಗ ಪುಸ್ತಕದ ಮೇಜು ಇದ್ದರೆ ಮಕ್ಕಳನ್ನೇ ಮುಂದೆ ಬಿಡಿ. ತಾವೇ ಆರಿಸಿದ ಪುಸ್ತಕವನ್ನು ಮಕ್ಕಳು ಅಷ್ಟು ಬೇಗ ಮುಚ್ಚಿಡುವುದಿಲ್ಲ.

'ಕರ್ವಾಲೊ' ಮಾತ್ರ ಮೊದಲೇ ತರಿಸಿ, ಊರಿಗೆ ಹೊರಡುವ ದಿನದವರೆಗೂ ತೋರಿಸಬೇಡಿ. ಮತ್ಸ್ಯಗಂಧ ರೈಲು ಮಧ್ಯಾಹ್ನ ಹೊರಟರೆ ಕುಂದಾಪುರಕ್ಕೆ ಮರುದಿನ ಬೆಳಗಿನ ಜಾವ. ರತ್ನಾಗಿರಿ ಕಡೆ ಸುರಂಗ ಶುರುವಾದರೆ ಫೋನಿಗೆ ನೆಟ್‌ವರ್ಕ್ ಇರುವುದಿಲ್ಲ. ಆಗ ಬ್ಯಾಗಿನಿಂದ ತೆಗೆದು ನೀವೇ ಓದಲು ಶುರು ಮಾಡಿ, ಸ್ವಲ್ಪ ಜೋರಾಗಿ. ಮಗಳು 30 ಪುಟಕ್ಕೆ ಬಿಟ್ಟಳು ಅಂದರೆ ಬೈಯಬೇಡಿ. ಯಾವ ಪುಟದಲ್ಲಿ ಬಿಟ್ಟಳು, ಅಲ್ಲಿ ಏನು ನಡೆಯುತ್ತಿತ್ತು ಅಂತ ನನಗೆ ಬರೆದು ಕಳಿಸಿ, ಮುಂದಿನ ಪುಸ್ತಕವನ್ನು ಅದನ್ನು ನೋಡಿ ಆರಿಸಿ ಹೇಳುತ್ತೇನೆ.